ನನ್ನ ಕೈಯಿಂದ ಬಿದ್ದ ಎಲೆ

ಮೊದಲೇ ಹೇಳಿಬಿಡುತ್ತೇನೆ. ಈ ಬರಹದ ಕೊನೆಯಲ್ಲಿ ನಾನು ಯಾರನ್ನೂ ಕ್ಷಮಿಸುವುದಿಲ್ಲ. ವಯಸ್ಸಾಗುತ್ತಾ ಮನಸ್ಸು ಮಾಗುತ್ತದೆ, ಹಳೆಯದೆಲ್ಲ ಹಗುರಾಗುತ್ತದೆ ಎಂದು ನನ್ನ ಓರಗೆಯವರು ಹೇಳುವುದುಂಟು. ಅವರಿಗೆ ಹಾಗಾಗಿದ್ದರೆ ಸಂತೋಷ. ನನಗೆ ಮಂಡಿ ನೋವು ಬಂತೇ ಹೊರತು ಮನಸ್ಸು ಮಾಗಲಿಲ್ಲ. ಆ ಮನುಷ್ಯನ ಮುಖ ನೆನಪಾದರೆ ಈಗಲೂ ನನ್ನ ಹಲ್ಲು ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಬೇಲೂರಿನ ಛತ್ರದ ಆ ಮಧ್ಯಾಹ್ನ ನೆನಪಾದರೆ ಮಾತ್ರ ಬಿಗಿ ಸಡಿಲವಾಗಿ ನಗು ಬರುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹುಟ್ಟಿದ್ದು ಜಾವಗಲ್‌ನಲ್ಲಿ, ಸಂಸಾರ ಹೂಡಿದ್ದು ಅರಸೀಕೆರೆಯಲ್ಲಿ, ಗುಮಾಸ್ತನ ಕೆಲಸ ಸಿಕ್ಕಿದ್ದು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ. ಹಾಗಾಗಿ ದಿನವೂ ರೈಲು. ಬೆಳಗಿನ ಪ್ಯಾಸೆಂಜರ್ ಹತ್ತಿದರೆ ತಿಪಟೂರು, ಬಾಣಸಂದ್ರ, ಗುಬ್ಬಿ ಎಂದು ಎಲ್ಲ ಕಡೆ ನಿಂತು ನಿಂತು, ಯಾವುದೋ ಊರಿನಲ್ಲಿ ಕ್ರಾಸಿಂಗಿಗೆ ಕಾದು, ಆಫೀಸಿನ ಹೊತ್ತಿಗೆ ಹೇಗೋ ತಲುಪಿಸುತ್ತಿತ್ತು. ನಮ್ಮಂತೆ ತಿಂಗಳ ಪಾಸು ಮಾಡಿಸಿಕೊಂಡವರಿಗೆ ಆ ರೈಲೇ ಎರಡನೇ ಮನೆ. ಪ್ರತಿ ಬೋಗಿಯಲ್ಲೂ ಒಂದೊಂದು ಇಸ್ಪೀಟಿನ ಗುಂಪು. ಎದುರುಬದುರು ಬೆಂಚಿನಲ್ಲಿ ನಾಲ್ವರು ಕೂತು, ಮಂಡಿಗಳ ಮೇಲೆ ಟವೆಲ್ ಹಾಸಿ, ಅದರ ಮೂಲೆಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡರೆ ಮೇಜು ಸಿದ್ಧ. ಟಿಕೆಟ್ ನೋಡುವವರು ಬಂದರೂ ನಾವು ಏಳುತ್ತಿರಲಿಲ್ಲ, ಪಾಸನ್ನು ಜೇಬಿನಿಂದ ಅರ್ಧ ಎತ್ತಿ ತೋರಿಸಿದರೆ ಸಾಕಾಗುತ್ತಿತ್ತು.

ನಮ್ಮ ಬೋಗಿಯ ಟವೆಲ್ ಯಾರದೋ ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ತುಮಕೂರಿನಲ್ಲಿ ಇನ್ನೊಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಅರಸೀಕೆರೆಯ ಹೊರಗೆ ತೆಂಗಿನ ತೋಟ, ಬಿಳಿ ಷರಟು, ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ. ಇಸ್ಪೀಟು ಅವರದು, ಹಂಚುವವರೂ ಅವರೇ, ಕಿಟಕಿಯ ಪಕ್ಕದ ಜಾಗವೂ ಅವರದೇ. ಅವರ ಪಕ್ಕದಲ್ಲಿ ಬ್ಯಾಂಕಿನವರೊಬ್ಬರು, ಎದುರಿಗೆ ಹೈಸ್ಕೂಲ್ ಮೇಷ್ಟ್ರು. ನಾಲ್ಕನೆಯವರಿಗೆ ಬೇರೆ ಕಡೆಗೆ ವರ್ಗವಾಯಿತು. ರಮ್ಮಿಗೆ ಒಂದು ಕೈ ಕಡಿಮೆಯಾಗಿ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನ್ನನ್ನು ಮೇಷ್ಟ್ರು ಕರೆದರು. ಆಡಲು ಬರುತ್ತದೆಯೇ ಎಂದರು. ಬರುತ್ತದೆ ಎಂದೆ.

ಯಜಮಾನರು ಎಲೆ ಕಲೆಸುತ್ತಾ ಊರು ಯಾವುದು ಎಂದು ಕೇಳಿದರು. ಜಾವಗಲ್ ಎಂದೆ. ಜಾವಗಲ್‌ನಲ್ಲಿ ಯಾವ ಕಡೆ ಮನೆ ಎಂದರು. ಈ ಎರಡನೇ ಪ್ರಶ್ನೆ ಏಕೆ ಬರುತ್ತದೆ ಎಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆ ಯಾವ ಕೇರಿಯಲ್ಲಿದೆ ಎಂದು ನಾನು ಸ್ಪಷ್ಟವಾಗಿ, ಅವರ ಮುಖ ನೋಡಿಯೇ ಹೇಳಿದೆ. ಅವರು "ಓಹೋ" ಎಂದರು. ನನ್ನನ್ನು ಬ್ಯಾಂಕಿನವರ ಎದುರಿಗೆ, ಒಳಗಿನ ಜಾಗದಲ್ಲಿ ಕೂರಲು ಹೇಳಿದರು. ಬ್ಯಾಂಕಿನವರಿಗೆ ನೀವು, ಮೇಷ್ಟ್ರಿಗೆ ನೀವು, ನನಗೆ ಮಾತ್ರ ಆ ಕ್ಷಣದಿಂದ ನೀನು.

ಅವರ ಮನೆಯ ಕೋಡುಬಳೆ ಡಬ್ಬಿಯಲ್ಲಿ ಬರುತ್ತಿತ್ತು. ಉಳಿದಿಬ್ಬರು ಡಬ್ಬಿಗೇ ಕೈ ಹಾಕಿ ತೆಗೆದುಕೊಳ್ಳುತ್ತಿದ್ದರು. ನನ್ನ ಸರದಿಗೆ ಅವರು ಪೇಪರಿನ ತುಂಡೊಂದನ್ನು ಹಾಸಿ ಡಬ್ಬಿ ಬಗ್ಗಿಸುತ್ತಿದ್ದರು. ಎಷ್ಟು ಸಲೀಸಾಗಿ, ಎಷ್ಟು ನಗುನಗುತ್ತಾ ಮಾಡುತ್ತಿದ್ದರು ಎಂದರೆ ಬೇರೆಯವರಿಗೆ ಅದು ಉಪಚಾರದ ಹಾಗೆ ಕಾಣುತ್ತಿತ್ತು. ಕೋಡುಬಳೆ ಚೆನ್ನಾಗಿರುತ್ತಿತ್ತು. ಅದೇ ಇನ್ನೂ ಹೆಚ್ಚು ಸಿಟ್ಟು ಬರಿಸುತ್ತಿತ್ತು.

ಆದರೂ ಅದನ್ನೆಲ್ಲ ನುಂಗಿಕೊಂಡು ಕೂತಿದ್ದೆ. ಇಂಥವರನ್ನು ಶಾಲೆಯಿಂದ ಆಫೀಸಿನವರೆಗೆ ನೋಡಿಕೊಂಡು ಬಂದವನು ನಾನು. ದಿನವೂ ಜಗಳ ಕಾಯುತ್ತಾ ಹೋದರೆ ಬೇರೆ ಕೆಲಸ ಮಾಡಲು ಬಿಡುವಿರುವುದಿಲ್ಲ. ನುಂಗಲಾಗದ ಮಾತು ಬಂದದ್ದು ಆಟಕ್ಕೆ ಸೇರಿದ ಒಂದೆರಡು ತಿಂಗಳಿಗೆ. ಅಂದು ನಾನು ಸತತವಾಗಿ ಸೋತಿದ್ದೆ. ಕೈಯಲ್ಲಿ ಉಳಿದ ರಾಜ, ರಾಣಿಯರನ್ನೆಲ್ಲ ಟವೆಲಿನ ಮೇಲೆ ಬಿಡಿಸಿಟ್ಟು ಪೆಚ್ಚಾಗಿ ಕೂತಿದ್ದೆ. ಯಜಮಾನರು ಎಲೆಗಳನ್ನು ಬಳಿದುಕೊಳ್ಳುತ್ತಾ, ಬೋಗಿಗೆಲ್ಲ ಕೇಳುವ ಹಾಗೆ ಹೇಳಿದರು.

"ರಿಸರ್ವೇಶನ್ನಾಗೆ ನೌಕರಿ ಸಿಗ್ತದೆ ಕಣಪ್ಪ, ರಮ್ಮಿ ಸಿಗಾಕಿಲ್ಲ."

ಬೋಗಿ ನಕ್ಕಿತು. ಬ್ಯಾಂಕಿನವರು ನಕ್ಕರು. ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ನಾನೂ ನಕ್ಕೆ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆ ನಗುವಿಗೆ ಅವರು ಬೆಲೆ ತೆರಬೇಕು ಎಂದು ಗುಬ್ಬಿ ಸ್ಟೇಷನ್ ದಾಟುವುದರೊಳಗೆ ತೀರ್ಮಾನ ಮಾಡಿಕೊಂಡೆ. ಬೈದು ಅಲ್ಲ, ದೂರು ಕೊಟ್ಟು ಅಲ್ಲ. ದೂರು ಕೊಟ್ಟರೆ ನಾಳೆ ಅವರೇ ಬಡಪಾಯಿಯಾಗಿ ನಾನು ಜಗಳಗಂಟನಾಗುತ್ತಿದ್ದೆ. ಅವರ ಟವೆಲಿನ ಮೇಲೆಯೇ, ಅವರ ಎಲೆಯಲ್ಲಿಯೇ ಅವರನ್ನು ಮಣ್ಣುಮುಕ್ಕಿಸಬೇಕಿತ್ತು.

ಆಫೀಸಿನ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ಇಸ್ಪೀಟಿನ ಪುಸ್ತಕ ಹುಡುಕಿದೆ. ರಮ್ಮಿಯದು ಸಿಗಲಿಲ್ಲ. ಸಿಕ್ಕಿದ್ದು ಪೋಕರ್ ಎಂಬ ಆಟದ ಮೇಲೆ ಇಂಗ್ಲಿಷಿನಲ್ಲಿ ಬರೆದ, ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ. ಪೋಕರ್ ಆಡಿದವರನ್ನಿರಲಿ, ಆ ಹೆಸರು ಕೇಳಿದವರನ್ನೂ ಆಗ ಅರಸೀಕೆರೆಯಲ್ಲಿ ನಾನು ಕಂಡಿರಲಿಲ್ಲ. ಹಬ್ಬದಲ್ಲಿ ಆಡುವ ಮೂರೆಲೆ ಆಟದ ದೊಡ್ಡಣ್ಣ ಎಂದು ಓದುತ್ತಾ ಗೊತ್ತಾಯಿತು. ಎಲೆ ಕೆಟ್ಟದಿದ್ದರೂ ಧೈರ್ಯವಾಗಿ ಪಣ ಏರಿಸಿ ಎದುರಿನವರನ್ನು ಹೆದರಿಸಿ ಓಡಿಸಬಹುದಂತೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಲಾಖೆಯ ಪರೀಕ್ಷೆಗೆ ಓದಿದ್ದಕ್ಕಿಂತ ಶ್ರದ್ಧೆಯಿಂದ ಓದಿದೆ. ಆಫೀಸಿನಿಂದ ಬಂದು ಕಾಫಿ ಕುಡಿದ ಮೇಲೆ ಹೆಂಡತಿಯನ್ನು ಮಂಚದ ಮೇಲೆ ಎದುರಿಗೆ ಕೂರಿಸಿಕೊಂಡು ಅಭ್ಯಾಸ. ಅವಳಿಗೆ ಇಸ್ಪೀಟು ಹಿಡಿದರೇ ಆಗುತ್ತಿರಲಿಲ್ಲ, ಆದರೆ ಆ ರೈಲಿನ ಮಾತನ್ನು ಅವಳಿಗೆ ಹೇಳಿದ್ದೆ. ಒಂದು ಕಡೆ ಅವರೆಕಾಯಿ ಬಿಡಿಸುತ್ತಾ ಇನ್ನೊಂದು ಕಡೆ ಆಡುತ್ತಿದ್ದಳು. ಬಹಳ ಸಲ ಅವಳೇ ಗೆಲ್ಲುತ್ತಿದ್ದಳು.

ಓದಿದ್ದನ್ನು ಮೊದಲ ಸಲ ರೈಲಿನಲ್ಲಿ ಪ್ರಯೋಗಿಸಿದಾಗ ನನ್ನ ಮಾನ ಮೂರು ಕಾಸಿಗೆ ಹೋಯಿತು. ಹೆದರಿಸುವ ಅಧ್ಯಾಯ ನನಗೆ ಬಹಳ ಹಿಡಿಸಿತ್ತು. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲ ಜೋಡಿಸಿಕೊಂಡವನ ಹಾಗೆ ಮುಖ ಬಿಗಿಹಿಡಿದು, ಒಳ್ಳೊಳ್ಳೆಯ ಎಲೆಗಳನ್ನು ಟಪಟಪನೆ ಎಸೆಯುತ್ತಾ ಹೋದೆ. ರಮ್ಮಿಯಲ್ಲಿ ಯಾರು ಹೆದರುತ್ತಾರೆ? ನಡುವೆ ಪಣ ಏರಿಸುವುದಿಲ್ಲ, ಓಡಿಹೋಗುವ ಪ್ರಮೇಯವೂ ಇಲ್ಲ. ನಾನು ಎಸೆದ ಎಲೆಗಳನ್ನು ನನ್ನ ನಂತರದ ಕೈ ಮೇಷ್ಟ್ರು ಒಂದೊಂದಾಗಿ ಎತ್ತಿಕೊಂಡು ಶೋ ಕೊಟ್ಟು ಆಟ ಮುಗಿಸಿದರು. ನನ್ನ ಕೈಯಲ್ಲಿ ಒಂದು ಜೋಡಿಯೂ ಆಗಿರಲಿಲ್ಲ. ಯಜಮಾನರಿಗೆ ಆವತ್ತು ಬಾಯಿ ಬಿಡಲು ಇನ್ನೊಂದು ಅವಕಾಶ, ಅವರು ಅದನ್ನು ಬಿಡಲಿಲ್ಲ.

ಪುಸ್ತಕದಲ್ಲಿ ನನಗೆ ದಕ್ಕಿದ್ದು ಬೇರೆ ಎರಡು ವಿಷಯ. ಯಾರ ಮುಂದೆ ಕೂತಿದ್ದೀಯ, ಯಾರ ಹಿಂದೆ ಕೂತಿದ್ದೀಯ ಎಂಬುದು ಕೈಯಲ್ಲಿರುವ ಎಲೆಯಷ್ಟೇ ಮುಖ್ಯ ಎಂಬುದು ಒಂದು. ಎದುರಿನವನು ಮಾಡುವುದನ್ನು ನೋಡುವುದರ ಜೊತೆಗೆ, ಮಾಡಬಹುದಾಗಿದ್ದೂ ಮಾಡದೆ ಬಿಡುವುದನ್ನು ನೋಡಬೇಕು ಎಂಬುದು ಇನ್ನೊಂದು. ಅಲ್ಲಿಂದ ನಾನು ಗೆಲ್ಲುವ ಆಸೆ ಬಿಟ್ಟು ಯಜಮಾನರನ್ನು ಓದಲು ಶುರುಮಾಡಿದೆ. ಒಳ್ಳೆಯ ಎಲೆ ಬಂದರೆ ಅವರು ವಿಭೂತಿಯ ಹತ್ತಿರ ಹುಬ್ಬು ಕೆರೆದುಕೊಳ್ಳುತ್ತಿದ್ದರು. ಒಂದೇ ಎಲೆಗೆ ಕಾಯುತ್ತಿದ್ದರೆ ಮಾತು ನಿಲ್ಲಿಸುತ್ತಿದ್ದರು. ಇದನ್ನೆಲ್ಲ ಗಮನಿಸಿದೆ, ಆದರೂ ಹೆಚ್ಚೇನೂ ಗಿಟ್ಟಲಿಲ್ಲ.

ಗಿಟ್ಟಿದ್ದು ಮೇಷ್ಟ್ರ ನೆಗಡಿಯಿಂದ. ಚಳಿಗಾಲದ ಗಾಳಿ ಮುಖಕ್ಕೆ ಹೊಡೆಯುತ್ತದೆ, ನಾನು ಒಳಗೆ ಕೂರುತ್ತೇನೆ, ನೀವು ಕಿಟಕಿಗೆ ಬನ್ನಿ ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಯಜಮಾನರು ಒಪ್ಪಲಿಲ್ಲ. ಮಫ್ಲರ್ ಸುತ್ತಿಕೊಳ್ಳಿ ಎಂದರು, ಕಿಟಕಿ ಇಳಿಸೋಣ ಎಂದರು. ಇಷ್ಟು ಸಣ್ಣ ವಿಷಯಕ್ಕೆ ಇವರೇಕೆ ಇಷ್ಟು ಪೇಚಾಡುತ್ತಿದ್ದಾರೆ ಎಂದು ನನಗೆ ಆಶ್ಚರ್ಯ. ಮೇಷ್ಟ್ರು ಸೀನುತ್ತಲೇ ಎದ್ದು ಜಾಗ ಬದಲಿಸಿದರು. ಹಾಗೆ ಮೊದಲ ಬಾರಿಗೆ ನನ್ನ ನಂತರದ ಕೈ ಯಜಮಾನರದಾಯಿತು.

ರಮ್ಮಿ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೇ ಗುರುತಿನ ಎಲೆಗಳನ್ನು ಆರು, ಏಳು, ಎಂಟು ಎಂದು ಸಾಲಾಗಿ ಮೊದಲು ಜೋಡಿಸಿಕೊಂಡವನು ಗೆದ್ದ. ಪ್ರತಿಯೊಬ್ಬರ ಸರದಿಯಲ್ಲೂ ಒಂದು ಎಲೆ ಎತ್ತಬೇಕು, ಒಂದು ಎಲೆ ಬಿಡಬೇಕು. ಎತ್ತುವುದಕ್ಕೆ ಎರಡೇ ದಾರಿ. ಮುಚ್ಚಿಟ್ಟ ಪ್ಯಾಕಿನಿಂದ ಕಣ್ಣುಮುಚ್ಚಿ ಎತ್ತಬೇಕು, ಇಲ್ಲವೇ ಹಿಂದಿನ ಕೈಯವನು ಈಗ ತಾನೇ ಬಿಟ್ಟ ಎಲೆ ತನಗೆ ಬೇಕಾದದ್ದಾದರೆ ಅದನ್ನು ಎತ್ತಿಕೊಳ್ಳಬೇಕು. ಹಾಗಾಗಿ ಆಡುವವನಿಗೆ ದೊಡ್ಡ ಭಯ ಒಂದೇ, ನಾನು ಬಿಟ್ಟ ಎಲೆ ನನ್ನ ನಂತರದವನಿಗೆ ಅನ್ನವಾದರೆ ಏನು ಗತಿ ಎಂಬುದು. ಎರಡು ದಾರಿಯಲ್ಲಿ ಒಂದನ್ನು ಬಿಟ್ಟುಕೊಟ್ಟವನು ಒಂದು ಕೈ ಕಟ್ಟಿಕೊಂಡು ಈಜಿದ ಹಾಗೆ.

ಒಂದು ವಾರ ಕಳೆಯಿತು. ಒಂದು ಆಟ ಮುಗಿದು ಎಲ್ಲರೂ ಎಲೆ ಬಿಡಿಸಿಟ್ಟಾಗ ಯಜಮಾನರ ಕೈಯಲ್ಲಿ ಇಸ್ಪೀಟ್ ಗುರುತಿನ ಆರು, ಎಂಟು ಕಂಡವು. ಇಸ್ಪೀಟಿನ ಏಳನ್ನು ನಾನು ಆಗತಾನೇ ಬಿಟ್ಟಿದ್ದೆ. ಅವರು ಅದನ್ನು ಎತ್ತಿರಲಿಲ್ಲ. ನೋಡಿರಲಿಕ್ಕಿಲ್ಲ ಎಂದುಕೊಂಡೆ. ಮಾರನೆಯ ದಿನ ಇನ್ನೊಂದು ಹಾಗೆಯೇ ಆಯಿತು. ಆಮೇಲೆ ಬೇಕೆಂದೇ ಕಣ್ಣಿಟ್ಟು ಕೂತೆ. ನಾನು ಬಿಟ್ಟ ಎಲೆಯ ಮೇಲೆ ಅವರ ಕಣ್ಣು ಬೀಳುತ್ತಿತ್ತು, ಹುಬ್ಬು ಕೆರೆದುಕೊಳ್ಳಲು ಕೈ ಏಳುತ್ತಿತ್ತು, ಆದರೆ ಆ ಕೈ ಪ್ರತಿ ಸಲವೂ ಪ್ಯಾಕಿಗೆ ಹೋಗುತ್ತಿತ್ತು. ನೆಗಡಿ ವಾಸಿಯಾಗಿ ಮೇಷ್ಟ್ರು ಎರಡು ದಿನ ಕಿಟಕಿಗೆ ವಾಪಸ್ ಬಂದಾಗ ಯಜಮಾನರು ಮೇಷ್ಟ್ರು ಬಿಟ್ಟ ಎಲೆಗಳನ್ನು ಹದ್ದಿನ ಹಾಗೆ ಎತ್ತಿಕೊಂಡರು.

ಸಂಪಿಗೆ ರೋಡ್ ಸ್ಟೇಷನ್ನಿನಲ್ಲಿ ಗಾಡಿ ನಿಂತಿತ್ತು. ನನಗೆ ಆಗ ಅರ್ಥವಾಯಿತು. ನನ್ನ ಕೈಯಿಂದ ಬಿದ್ದ ಎಲೆಯನ್ನು ಈ ಮನುಷ್ಯ ಎತ್ತುವುದಿಲ್ಲ. ಆಟ ಮುಗಿದ ಮೇಲೆ ನನ್ನ ಎಲೆಗಳನ್ನೂ ಸೇರಿಸಿ ಬಳಿದುಕೊಳ್ಳಲು ಅಡ್ಡಿಯಿಲ್ಲ, ಎಲ್ಲದರ ಜೊತೆ ಕಲೆತುಹೋದರೆ ದೋಷವಿಲ್ಲವೇನೋ. ಒಂಟಿಯಾಗಿ, ನನ್ನ ಬೆರಳಿನ ಬಿಸಿ ಆರುವ ಮೊದಲೇ ಅದನ್ನು ಎತ್ತಿ ತನ್ನ ಕೈಯಲ್ಲಿ ಸೇರಿಸಿಕೊಳ್ಳಬೇಕಲ್ಲ, ಅದು ಅವರಿಂದ ಆಗುತ್ತಿರಲಿಲ್ಲ. ಇದು ಅವರ ತಲೆಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅವರ ಕೈಗಂತೂ ಗೊತ್ತಿತ್ತು. ಮೊದಲು ನನ್ನ ಕಿವಿ ಬಿಸಿಯಾಯಿತು, ಎದ್ದು ಟವೆಲ್ ಕಿತ್ತು ಎಸೆಯಬೇಕು ಅನ್ನಿಸಿತು. ಆಮೇಲೆ ಪುಸ್ತಕ ನೆನಪಾಗಿ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಆ ಪುಸ್ತಕ ಬರೆದವನು ಎಷ್ಟೋ ದೇಶ ಸುತ್ತಿ ಆಡಿರಬಹುದು, ಇಂಥ ಎದುರಾಳಿಯನ್ನು ಕನಸಿನಲ್ಲೂ ಕಂಡಿರಲಾರ.

ಮೇಷ್ಟ್ರಿಗೆ ಗಾಳಿ ಒಗ್ಗುವುದಿಲ್ಲ, ಇನ್ನು ಮೇಲೆ ಕಿಟಕಿಗೆ ನಾನೇ ಕೂರುತ್ತೇನೆ ಎಂದು ಹೇಳಿ ಆ ಜಾಗದಲ್ಲಿ ಬೇರು ಬಿಟ್ಟೆ. ಅಲ್ಲಿಂದಾಚೆಗೆ ನಾನು ಯಾವ ಎಲೆಯನ್ನಾದರೂ ಹೆದರದೆ ಬಿಡುತ್ತಿದ್ದೆ. ಬೇರೆಯವರು ಅಳೆದೂ ಸುರಿದೂ ಎಲೆ ಹಾಕುವಾಗ ನಾನು ನನಗೆ ಬೇಡದ್ದನ್ನೆಲ್ಲ ಕಸ ಗುಡಿಸಿದ ಹಾಗೆ ಅವರ ಮುಂದೆ ಹಾಕುತ್ತಿದ್ದೆ. ಸೋತವರು ತುಮಕೂರು ಸ್ಟೇಷನ್ನಿನಲ್ಲಿ ಎಲ್ಲರಿಗೂ ವಡೆ ಕಾಫಿ ಕೊಡಿಸಬೇಕೆಂಬುದು ನಮ್ಮ ಕಟ್ಟಳೆ. ಯಜಮಾನರು ತಿಂಗಳುಗಟ್ಟಲೆ ಕೊಡಿಸಿದರು. ಅವರ ಖರ್ಚಿನ ವಡೆಯನ್ನು ನಾನು ನಿಧಾನವಾಗಿ, ಚಟ್ನಿಯಲ್ಲಿ ಅದ್ದಿ ಅದ್ದಿ, ಅವರ ಕಣ್ಣೆದುರಿಗೇ ತಿನ್ನುತ್ತಿದ್ದೆ.

ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ಏಕೆಂದರೆ ಯಜಮಾನರು ಅದನ್ನು ಅದೃಷ್ಟ ಎಂದರು. ಇವನಿಗೆ ಯಾವುದೋ ದೆಸೆ ತಿರುಗಿದೆ ಎಂದು ಬ್ಯಾಂಕಿನವರ ಹತ್ತಿರ ಹೇಳಿದರು. ಬುದ್ಧಿಯಿಂದ ಗೆದ್ದ ಎಂದು ಒಪ್ಪಲು ಅವರಿಗೆ ಮನಸ್ಸಿಲ್ಲ, ತಾವು ಏಕೆ ಸೋಲುತ್ತಿದ್ದೇವೆಂಬ ಅರಿವೂ ಇಲ್ಲ. ಒಂದು ಸಂಜೆ ಇದನ್ನೆಲ್ಲ ಹೆಂಡತಿಯ ಮುಂದೆ ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಅವಳು ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ನೀವು ಗೆದ್ದು ಏನು ಬಂತು? ಏಟು ಬಿದ್ದಿದ್ದು ಆವಯ್ಯಂಗೆ ಗೊತ್ತೇ ಆಗಿಲ್ವಲ್ಲ," ಎಂದಳು.

ಅವಳು ಹೇಳಿದ್ದು ನಿಜವಾಗಿತ್ತು. ಏಟು ಅವರಿಗೆ ಗೊತ್ತಾಗಬೇಕು, ನಾಲ್ಕು ಜನಕ್ಕೂ ಗೊತ್ತಾಗಬೇಕು. ಆ ನಾಲ್ಕು ಜನ ಅವರು ಲೆಕ್ಕಕ್ಕೆ ಇಟ್ಟುಕೊಂಡವರಾಗಿರಬೇಕು. ರೈಲಿನವರು ಸಾಲದು.

ಹತ್ತಿರ ಹತ್ತಿರ ಎರಡು ವರ್ಷ ಕಾದೆ. ಆಗ ಯಜಮಾನರ ಮಗಳಿಗೆ ಬೇಲೂರಿನಲ್ಲಿ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಅಲ್ಲಿನ ದೊಡ್ಡ ಕುಳ, ಮದುವೆ ಅಲ್ಲಿಯ ಛತ್ರದಲ್ಲೇ. ಲಗ್ನಪತ್ರಿಕೆಯನ್ನು ಉಳಿದಿಬ್ಬರಿಗೆ ಕೈಗೆ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎಂದು ಕೈಮುಗಿದರು. ನನ್ನದನ್ನು ಟವೆಲಿನ ಮೇಲೆ ಇಟ್ಟು, ನೀನೂ ಬಂದು ಹೋಗಪ್ಪ ಎಂದರು. ಕೊಡದೆ ಬಿಟ್ಟರೆ ಮೇಷ್ಟ್ರು ಏನಂದುಕೊಳ್ಳುತ್ತಾರೋ ಎಂದು ಕೊಟ್ಟದ್ದು. ನಾನು ಬರುತ್ತೇನೆಂದು ಅವರು ಎಣಿಸಿರಲಿಲ್ಲ. ಖಂಡಿತ ಬರುತ್ತೇನೆ ಎಂದೆ.

ಮೂವರೂ ಅರಸೀಕೆರೆಯಿಂದ ಬೆಳಗಿನ ಬಸ್ಸಿನಲ್ಲಿ ಹೊರಟೆವು. ಜಾವಗಲ್‌ನಲ್ಲಿ ಬಸ್ಸು ನಿಂತಾಗ ನಮ್ಮ ಕೇರಿಯ ಕಡೆಯಿಂದ ಬಂದ ಒಬ್ಬರು ನನ್ನ ಇಸ್ತ್ರಿ ಮಾಡಿದ ಷರಟು ನೋಡಿ ಎಲ್ಲಿಗೆ ಎಂದರು. ಮದುವೆಗೆ ಎಂದೆ. ಹಳೇಬೀಡಿನಲ್ಲಿ ಟೂರಿಸ್ಟುಗಳ ದಂಡೊಂದು ಹತ್ತಿ, ಬೇಲೂರಿನವರೆಗೆ ನಿಂತೇ ಹೋಗಬೇಕಾಯಿತು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ. ಮದುವೆ ಮನೆಯಲ್ಲಿ ಊಟವಾದ ಮೇಲೆ ಇಸ್ಪೀಟು ಇದ್ದೇ ಇರುತ್ತದೆ. ಯಜಮಾನರು ಆಡದೆ ಇರುವವರಲ್ಲ.

ಹಾಗೆಯೇ ಆಯಿತು. ಮುಹೂರ್ತ ಮುಗಿದು, ಊಟವಾಗಿ, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಗಂಡಸರೆಲ್ಲ ಮೇಲಿನ ಹಾಲಿಗೆ ಬಂದರು. ಜಮಖಾನ ಹಾಸಿತ್ತು. ಯಜಮಾನರ ಬೀಗರು, ಅಂದರೆ ಮದುಮಗನ ತಂದೆ, ಬಾಯಿತುಂಬ ಮಾತಾಡುವ ಮನುಷ್ಯ, ರಮ್ಮಿಯ ಹುಚ್ಚು ಅವರಿಗೂ ಇತ್ತು. ನಮ್ಮ ಬೀಗರು ರೈಲಿನಲ್ಲಿ ಸೋತಿದ್ದೇ ಇಲ್ಲವಂತೆ, ಆ ಕೈಚಳಕ ನಾವೂ ನೋಡಬೇಕು ಎಂದು ನೆರೆದವರಿಗೆಲ್ಲ ಹೇಳಿದರು. ಹಾಗೆಂದು ಕೊಚ್ಚಿಕೊಂಡವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ರೈಲಿನವರೇ ನಾಲ್ವರು ಆಡಿ ತೋರಿಸಿ ಎಂದು ಎರಡು ಪ್ಯಾಕ್ ಎಲೆ ತರಿಸಿದರು. ಯಜಮಾನರು ನನ್ನನ್ನು ಆಚೆ ಕಡೆಗೆ ಕೂರಿಸಲು ನೋಡಿದರು. ಅಷ್ಟರಲ್ಲಿ ನಾನು ರೈಲಿನ ಕ್ರಮದಲ್ಲೇ ಕೂತಾಗಿತ್ತು, ನನ್ನ ನಂತರದ ಕೈ ಅವರದು. ಬೀಗರು ಯಜಮಾನರ ಬೆನ್ನಿಗೆ ದಿಂಬಿಟ್ಟು, ಹೆಗಲ ಮೇಲೆ ಕೈ ಹಾಕಿ, ಅವರ ಎಲೆ ಕಾಣುವ ಹಾಗೆ ಹಿಂದೆ ಕೂತರು. ಸುತ್ತ ಅವರ ಅಣ್ಣತಮ್ಮಂದಿರು, ಭಾವಂದಿರು.

ಯಜಮಾನರ ಮುಖ ಓದುವ ಅಗತ್ಯವೇ ಬೀಳಲಿಲ್ಲ. ಅವರ ಹಿಂದೆ ಕೂತ ಬೀಗರ ಮುಖವೇ ತೆರೆದ ಪುಸ್ತಕವಾಗಿತ್ತು. ಒಳ್ಳೆಯ ಎಲೆ ಬಂದರೆ ಅವರ ಹಲ್ಲು ಕಾಣುತ್ತಿತ್ತು, ಕೆಟ್ಟದ್ದು ಬಂದರೆ ನಾಲಿಗೆ ಲೊಚಗುಟ್ಟುತ್ತಿತ್ತು. ಎರಡು ಮೂರು ಆಟ ಹಾಗೇ ಕಳೆದೆ. ನಾಲ್ಕನೆಯದರಲ್ಲಿ ಯಜಮಾನರು ಮಾತು ನಿಲ್ಲಿಸಿದರು. ಬೀಗರು ಪಕ್ಕದವರಿಗೆ ಒಂದೇ ಎಲೆ ಬಾಕಿ ಎಂದು ಬೆರಳಲ್ಲಿ ತೋರಿಸಿದ್ದೂ ಕಾಣಿಸಿತು. ಯಾವ ಎಲೆ? ಯಜಮಾನರು ಮೊದಲು ಕೆಂಪು ಆಟೀನ್ ಗುರುತಿನ ಹತ್ತನ್ನು, ಆಮೇಲೆ ಬಹಳ ಯೋಚಿಸಿ ಆಟೀನ್ ಮೂರನ್ನು ಬಿಟ್ಟಿದ್ದರು. ನಡುವಿನ ಆಟೀನ್ ಎಲೆಗಳಲ್ಲಿ ಒಂದೂ ಅವರ ಕೈಯಿಂದ ಹೊರಗೆ ಬಂದಿರಲಿಲ್ಲ. ನನ್ನ ಕೈ ನೋಡಿಕೊಂಡೆ. ಆಟೀನ್ ಏಳು ಎರಡೂ ನನ್ನಲ್ಲೇ ಇದ್ದವು. ಇಷ್ಟು ಹೊತ್ತಾದರೂ ಅವರಿಗೆ ಸಿಗದ ಎಲೆ ಅದೇ. ನಾನು ಬಿಡದಿದ್ದರೆ ಅವರು ಆ ಎಲೆಗೆ ಕಾಯುತ್ತಾ ಕೂರಬೇಕಿತ್ತು, ನಾನು ಇನ್ನೆರಡು ಸುತ್ತಿನಲ್ಲಿ ಗೆಲ್ಲುತ್ತಿದ್ದೆ.

ಎದುರಿನವನು ಕಾಯುವ ಎಲೆಯನ್ನು ಪ್ರಾಣ ಹೋದರೂ ಬಿಡಬಾರದು ಎಂದು ಪುಸ್ತಕ ಓದದವನಿಗೂ ಗೊತ್ತು. ನನ್ನ ಜೋಡಣೆಯನ್ನು ಮುರಿದು ನಾನು ಆಟೀನ್ ಏಳನ್ನು ಯಜಮಾನರ ಮುಂದೆ ಇಟ್ಟೆ.

ಬೀಗರ ಹಲ್ಲೆಲ್ಲ ಕಾಣಿಸಿದವು. ಯಜಮಾನರು ಎಲೆಯನ್ನು ನೋಡಿದರು, ಹುಬ್ಬು ಕೆರೆದುಕೊಂಡರು, ಪ್ಯಾಕಿನಿಂದ ಒಂದು ಎತ್ತಿ, ಅದನ್ನೇ ಬಿಸಾಕಿದರು. ಬೀಗರ ಬಾಯಿ ತೆರೆದುಕೊಂಡೇ ಉಳಿಯಿತು. ಕಣ್ತಪ್ಪಿತೇ ಎಂದು ಮೆಲ್ಲಗೆ ಕೇಳಿದರು. ಯಜಮಾನರು ಹೂಂ ಎಂದರು. ಮದುವೆ ಗಲಾಟೆ, ನಿದ್ದೆಯಿಲ್ಲ, ಪಾಪ ಎಂದು ಯಾರೋ ಹೇಳಿದರು. ಬ್ಯಾಂಕಿನವರು ಆಡಿದರು, ಮೇಷ್ಟ್ರು ಆಡಿದರು. ನನ್ನ ಸರದಿ ಬಂತು. ಎರಡನೇ ಆಟೀನ್ ಏಳನ್ನು, ಮೊದಲಿನದಕ್ಕಿಂತ ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ.

ಈ ಸಲ ಬೀಗರು ತಡೆದುಕೊಳ್ಳಲಿಲ್ಲ. ಬಂತಲ್ಲ ಬೀಗರೇ, ಬಿಡಬೇಡಿ ಎಂದು ಹೆಗಲು ಕುಲುಕಿದರು. ನೋಡುವವರು ಬಾಯಿ ಹಾಕಬಾರದು ಎಂದು ಮೇಷ್ಟ್ರು ಗದರಿಕೊಂಡರೂ ಅವರ ಕಣ್ಣೂ ಆ ಎಲೆಯ ಮೇಲೇ ಇತ್ತು. ಯಜಮಾನರ ಕೈ ಮುಂದೆ ಬಂತು. ಎಲೆಯ ಹತ್ತಿರ ಒಂದು ಗಳಿಗೆ ನಿಂತಿತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು ಪ್ಯಾಕಿನ ಮೇಲಿನ ಎಲೆಯನ್ನು ಎತ್ತಿತು.

"ಯಾಕ್ರೀ ಬೀಗರೇ?" ಎಂದರು ಮದುಮಗನ ತಂದೆ. ಅವರಿಗೆ ನಿಜವಾಗಿ ಗಾಬರಿಯಾಗಿತ್ತು. "ನಿಮಗೆ ಬೇಕಾದ್ದೇ ಅಲ್ವಾ ಅದು?"

ಅದರ ಉತ್ತರವನ್ನು ನಾನು ಎರಡು ವರ್ಷ ಅರಸೀಕೆರೆಯಿಂದ ತುಮಕೂರಿನವರೆಗೆ ನಾಲಿಗೆಯ ಮೇಲೆ ಹೊರಳಿಸಿಕೊಂಡು ಬಂದಿದ್ದೆ. ದನಿ ಏರಿಸದೆ ಹೇಳಿದೆ.

"ಅವ್ರು ನನ್ ಕೈಯಿಂದ ಬಿದ್ದ ಎಲೆ ಎತ್ತಾಕಿಲ್ಲ ಕಣ್ರೀ. ಒಂದು ದಿನಾನೂ ಎತ್ತಿಲ್ಲ. ಬೇಕಾದ್ರೆ ಮೇಷ್ಟ್ರುನ್ನ ಕೇಳಿ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ತಮ್ಮ ಕೈಯಲ್ಲಿದ್ದ ಎಲೆಗಳನ್ನು ನೋಡಿಕೊಂಡರು, ಯಜಮಾನರನ್ನು ನೋಡಿದರು, ನನ್ನನ್ನು ನೋಡಿದರು. ರೈಲಿನ ಒಂದೊಂದು ದಿನವೂ ಅವರ ತಲೆಯಲ್ಲಿ ಹಿಂದಕ್ಕೆ ಓಡುತ್ತಿರುವುದು ನನಗೆ ಕಾಣಿಸಿತು. ಅವರು ಇಲ್ಲ ಎನ್ನಲಿಲ್ಲ. ಬೀಗರು ನನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. ಅವರಿಗೂ ಅರ್ಥವಾಯಿತು. ಅವರ ಕೈ ಯಜಮಾನರ ಹೆಗಲಿನಿಂದ ಕೆಳಗಿಳಿಯಿತು. ಒಳಗೆ ಅವರು ಯಾವ ಪೈಕಿಯ ಮನುಷ್ಯನೋ ನನಗೆ ಗೊತ್ತಿಲ್ಲ, ನಾಲ್ಕು ಜನರ ಎದುರಿಗೆ ಮಾತ್ರ ಆ ಹೆಗಲು ಅವರಿಗೆ ಬೇಡವಾಗಿತ್ತು.

ಯಜಮಾನರ ಮುಖ ಕಪ್ಪಿಟ್ಟಿತು. ಹಣೆಯ ಬೆವರಿಗೆ ವಿಭೂತಿ ಕರಗಿತ್ತು. ಯಾರು ಹೇಳಿದ್ದು ಹಾಗಂತ, ಇದೆಂಥ ಮಾತು, ನಾವೆಲ್ಲ ಒಟ್ಟಿಗೇ ತಿಂದು ಉಂಡವರು ಎಂದು ತೊದಲಿದರು. ಎತ್ತಿದ ಎಲೆಯನ್ನು ಪ್ಯಾಕಿನ ಮೇಲೇ ವಾಪಸ್ ಇಟ್ಟು, ಇಗೋ ಎಂದು ನನ್ನ ಆಟೀನ್ ಏಳಿಗೆ ಕೈ ಚಾಚಿದರು. ಎರಡು ವರ್ಷದಲ್ಲಿ ಮೊದಲ ಸಲ. ಮಗಳ ಮಾವನ ಎದುರಿಗೆ ಆ ಎಲೆಯನ್ನು ಎತ್ತಿ ತೋರಿಸಿಬಿಟ್ಟರೆ ಅವರು ಬಚಾವಾಗುತ್ತಿದ್ದರು, ನಾನು ಸುಳ್ಳನಾಗುತ್ತಿದ್ದೆ.

ನಾನು ಆ ಎಲೆಯ ಮೇಲೆ ನನ್ನ ಅಂಗೈಯನ್ನು ಅಗಲವಾಗಿ ಊರಿದೆ.

"ಮುಟ್ಟಬ್ಯಾಡಿ," ಎಂದೆ. "ಪ್ಯಾಕಿಂದ ಎತ್ತಿದ್ದಾಯ್ತು. ಇನ್ನು ಇದು ನಿಮ್ಗೆ ಇಲ್ಲ."

ಆಟದ ನಿಯಮ ಅದು, ಅಲ್ಲಿದ್ದ ಒಬ್ಬರೂ ಇಲ್ಲ ಎನ್ನುವ ಹಾಗಿರಲಿಲ್ಲ. ಯಜಮಾನರ ಬೆರಳುಗಳು ನನ್ನ ಅಂಗೈಯ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ನಿಂತವು. ಎಲೆ ಬೇಕಾಗಿದ್ದರೆ ನನ್ನ ಕೈ ಹಿಡಿದು ಸರಿಸಬೇಕಿತ್ತು. ನಾನು ಅವರ ಕಣ್ಣನ್ನೇ ನೋಡುತ್ತಾ ಕಾದೆ. ಕೆಳಗೆ ವಾಲಗದವರು ಸಾಮಾನು ಕಟ್ಟುವ ಸದ್ದು ಕೇಳುತ್ತಿತ್ತು. ಆ ಬೆರಳುಗಳು ಒಂದೊಂದಾಗಿ ಮಡಚಿಕೊಂಡು ಹಿಂದಕ್ಕೆ ಹೋದವು.

"ನಿಮ್ ಎಲೆ ಹಾಕಿ ಯಜಮ್ನಾರೇ," ಎಂದೆ. "ಎಲ್ಲಾರೂ ಕಾಯ್ತಾವ್ರೆ."